ದಾಸವಾಳಕ್ಕೆ ಮೂರು ಚಳಿಗಾಲ

ಮೇ ತಿಂಗಳ ನಡುಭಾಗ. ಶಿಕಾಗೋ ಹೊರವಲಯದ ಒಂದು ಮನೆಯ ಹಿತ್ತಲು. ಹಿರಿಯಾಕೆ ಸಾಗರದ ಕಡೆಯವರು, ಈ ಊರಿನ ಮಣ್ಣಲ್ಲೇ ಗಿಡ ಬೆಳೆಸುತ್ತ ಕೂದಲು ನೆರೆತವರು. ಕಿರಿಯಾಕೆ ಮೈಸೂರಿನವಳು, ಹೋದ ಡಿಸೆಂಬರಿನಲ್ಲಿ ಈ ಮನೆ ಕೊಂಡವಳು. ಬೇಲಿಯ ಉದ್ದಕ್ಕೂ ಆಳೆತ್ತರದ ಬೂದು ಕಡ್ಡಿಗಳ ಪೊದೆ.

ಕಿರಿಯಾಕೆ: ಅಕ್ಕ, ಈ ಸಾಲು ಪೂರ್ತಿ ಸತ್ತುಹೋಗಿದೆ ನೋಡಿ. ಪಕ್ಕದ ಮನೆಯ ಲೈಲಾಕ್ ಹೂಬಿಟ್ಟಾಯಿತು, ಇದರಲ್ಲಿ ಒಂದು ಚಿಗುರೂ ಇಲ್ಲ. ಶನಿವಾರ ಕೆಲಸದವನು ಬಂದು ಬುಡಸಮೇತ ತೆಗೆದುಕೊಡ್ತೀನಿ ಅಂದಿದ್ದಾನೆ.

ಹಿರಿಯಾಕೆ: ಅವನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನು. ಎಂತ ಗಿಡ ಅಂತಲೇ ಗೊತ್ತಿಲ್ಲ, ಸತ್ತಿದೆ ಅಂತ ಮಾತ್ರ ಹೇಗೆ ಗೊತ್ತಾಯ್ತು ಮಾರಾಯ್ತಿ? ಬಾ, ಈ ಕಡ್ಡಿಯ ತೊಗಟೆಯನ್ನ ಉಗುರಲ್ಲಿ ಸ್ವಲ್ಪ ಕೆರೆ.

ಕಿರಿಯಾಕೆ: ಒಳಗೆ ಹಸಿರಿದೆ!

ಹಿರಿಯಾಕೆ: ತುದಿಯಲ್ಲಿ ಕಂದು ಇರಬಹುದು, ಅದು ಚಳಿಗೆ ಸುಟ್ಟ ಭಾಗ. ಕೆರೆಯುತ್ತ ಕೆಳಗೆ ಬಾ. ಹಸಿರು ಸಿಕ್ಕಿದ ಜಾಗದಿಂದ ಕೆಳಕ್ಕೆಲ್ಲ ಜೀವ ಇದೆ, ಅದರ ಮೇಲಿನದನ್ನ ಕತ್ತರಿಸಿದರೆ ಸಾಕು. ಇದು ತಡವಾಗಿ ಏಳುವ ಗಿಡ. ಇಲ್ಲಿ ಮೇ ಕೊನೆಗೆ, ಕೆಲವು ವರ್ಷ ಜೂನ್ ಹೊತ್ತಿಗೆ ಎಲೆ ಬಿಡೋದು. ಏಪ್ರಿಲಿನಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಚಿಗುರಿ, ಆಮೇಲಿನ ಇಬ್ಬನಿ ಹಿಮಕ್ಕೆ ಕಪ್ಪಾಗುವ ಗಿಡಗಳಿಗಿಂತ ಇದಕ್ಕೆ ಬುದ್ಧಿ ಜಾಸ್ತಿ.

ಕಿರಿಯಾಕೆ: ಎಲೆ ಇಲ್ಲ, ಹೂವಿಲ್ಲ. ಯಾವ ಗಿಡ ಅಂತ ಹೇಗೆ ಹೇಳ್ತೀರಿ?

ಹಿರಿಯಾಕೆ: ಕಾಯಿ ಇದೆಯಲ್ಲ. ಹೋದ ವರ್ಷದ್ದು, ಕಡ್ಡಿಗೇ ಅಂಟಿಕೊಂಡು ಚಳಿಗಾಲ ಕಳೆದಿದೆ. ಒಂದನ್ನ ಕಿತ್ತು ಕೈಲಿ ಇಟ್ಟುಕೋ. ಐದು ಸೀಳಾಗಿ ಒಡೆದಿದೆ, ನೋಡಿದೆಯಾ?

ಕಿರಿಯಾಕೆ: ಬೀಜಕ್ಕೆ ಬಿಟ್ಟು ಒಣಗಿಸಿದ ಬೆಂಡೆಕಾಯಿಯನ್ನ ಗಿಡ್ಡ ಮಾಡಿದ ಹಾಗಿದೆ.

ಹಿರಿಯಾಕೆ: ಸರಿಯಾಗಿ ಹೇಳಿದೆ. ಬೆಂಡೆ, ಹತ್ತಿ, ದಾಸಾಳ ಎಲ್ಲ ಒಂದೇ ಕುಟುಂಬ. ಈಗ ಬೀಜ ನೋಡು. ಮೂತ್ರಪಿಂಡದ ಆಕಾರ, ಬೆನ್ನಿನ ಅಂಚಿಗೆ ಕಂದು ಕೂದಲಿನ ಸಾಲು. ಬೂದು ತೊಗಟೆಯ ಗಟ್ಟಿ ಮರಕಡ್ಡಿ, ಬುಡದಿಂದ ನೆಟ್ಟಗೆ ಮೇಲೆದ್ದ ರೆಂಬೆಗಳು, ಐದು ಸೀಳಿನ ಕಾಯಿ, ಕೂದಲಂಚಿನ ಬೀಜ. ಇಷ್ಟಿದ್ದರೆ ಸಾಕು, ಇದು ಹಿಬಿಸ್ಕಸ್ ಸಿರಿಯಾಕಸ್. ಅಂಗಡಿಯವರು ರೋಸ್ ಆಫ್ ಶ್ಯಾರನ್ ಅಂತಾರೆ. ಆದರೆ ಇಂಗ್ಲೆಂಡಿನಲ್ಲಿ ಅದೇ ಹೆಸರಿಗೆ ಹಳದಿ ಹೂವಿನ ಬೇರೆಯದೇ ಗಿಡ ತೋರಿಸ್ತಾರೆ, ಹಾಗಾಗಿ ಆ ಹೆಸರನ್ನ ನಂಬಿ ಕೂತರೆ ಆಗಲ್ಲ.

ಕಿರಿಯಾಕೆ: ಹಿಬಿಸ್ಕಸ್ ಅಂದರೆ ದಾಸವಾಳ! ನಮ್ಮ ದಾಸವಾಳ ಈ ಊರಿನ ಹಿಮದಲ್ಲಿ ಬದುಕುತ್ತಾ?

ಹಿರಿಯಾಕೆ: ನಿನ್ನ ದಾಸವಾಳ ಬದುಕಲ್ಲ, ಇದು ಬದುಕುತ್ತದೆ. ಈ ಊರಿನ ನಮ್ಮವರು ಎಡವೋದು ಇಲ್ಲೇ. ಇಲ್ಲಿನ ಅಂಗಡಿಗಳಲ್ಲಿ ಹಿಬಿಸ್ಕಸ್ ಅನ್ನೋ ಹೆಸರಲ್ಲಿ ಸಿಗೋದು ಮೂರು ಗಿಡ. ಮೂರಕ್ಕೂ ಚಳಿಗಾಲ ಬೇರೆ ಬೇರೆ. ಒಂದರ ಉಪಚಾರ ಇನ್ನೊಂದಕ್ಕೆ ಮಾಡಿದರೆ ಹೋಯ್ತು.

ಕಿರಿಯಾಕೆ: ಮೂರನ್ನೂ ಗುರುತಿಸೋದು ಹೇಗೆ? ಎಲೆ ಅರೆದರೆ ಲೋಳೆ ಬರುತ್ತೆ ಅಂತ ಅಮ್ಮ ಹೇಳ್ತಿದ್ದರು.

ಹಿರಿಯಾಕೆ: ಲೋಳೆ ಮೂರರಲ್ಲೂ ಬರುತ್ತದೆ. ನಮ್ಮ ಕಡೆ ದಾಸಾಳದ ಎಲೆಯ ಗೊಂಪು ಮಾಡಿ ತಲೆಗೆ ಹಚ್ಚುತ್ತೇವಲ್ಲ, ಆ ಲೋಳೆ ಇಡೀ ಕುಟುಂಬದ ಆಸ್ತಿ. ಅದರಿಂದ ಜಾತಿ ತಿಳಿಯಲ್ಲ. ಎಲೆಯ ಮೇಲ್ಮೈ ನೋಡು, ಅಂಚು ನೋಡು. ಊರಿನ ದಾಸಾಳ, ಅಂದರೆ ರೋಸಾ-ಸೈನೆನ್ಸಿಸ್, ಎಣ್ಣೆ ಸವರಿದಂಥ ಹೊಳಪಿನ ಕಡುಹಸಿರು ಎಲೆ, ವರ್ಷವಿಡೀ ಎಲೆ ಇರೋ ಗಿಡ. ಹೂವಿನ ನಡುವಿನ ಕೇಸರದ ಕಂಬ ದಳಗಳನ್ನ ದಾಟಿ ಉದ್ದಕ್ಕೆ ಚಾಚಿರುತ್ತದೆ. ಈ ಸಿರಿಯಾಕಸ್ ಎಲೆ ಚಿಕ್ಕದು, ಹೊಳಪು ಕಮ್ಮಿ, ಮೂರು ಹಾಲೆ, ಒರಟು ಹಲ್ಲು. ಹೂವು ಎರಡೂವರೆಯಿಂದ ನಾಲ್ಕು ಅಂಗುಲ, ಕಂಬ ಗಿಡ್ಡ, ಬುಡದಲ್ಲಿ ಹೆಚ್ಚಾಗಿ ಕೆಂಪು ಕಣ್ಣು.

ಕಿರಿಯಾಕೆ: ಮೂರನೆಯದು?

ಹಿರಿಯಾಕೆ: ಮಾಸ್ಕ್ಯುಟೋಸ್. ಅದು ಈ ದೇಶದ ಮೂಲದ್ದೇ, ಪೂರ್ವ ಭಾಗದ ಜೌಗು ನೆಲದ ಗಿಡ. ಹೂವು ಊಟದ ತಟ್ಟೆಯಷ್ಟು ಅಗಲ ಅಂತ ಚೀಟಿಯಲ್ಲೇ ಬರೆದಿರ್ತಾರೆ, ಅದು ಸುಳ್ಳಲ್ಲ, ಎಂಟು ಅಂಗುಲ ದಾಟುವ ತಳಿಗಳಿವೆ. ಅದಕ್ಕೆ ಮರದ ಮೈ ಇಲ್ಲ. ಚಳಿಗಾಲಕ್ಕೆ ನೆಲದ ಮಟ್ಟಕ್ಕೆ ಸತ್ತು, ಬೇರಿನಿಂದ ಹೊಸದಾಗಿ ಏಳುತ್ತದೆ. ಈಗ ಲೆಕ್ಕ ಹಾಕು. ಊರಿನ ದಾಸಾಳ ಒಳಗೆ ಬರಬೇಕು, ಹೊರಗೆ ಬಿಟ್ಟರೆ ಮೊದಲ ಹಿಮಕ್ಕೆ ಮುಗೀತು. ಮಾಸ್ಕ್ಯುಟೋಸ್ ಒಣ ಕಾಂಡವನ್ನ ಬುಡದ ತನಕ ಕತ್ತರಿಸಬೇಕು. ಸಿರಿಯಾಕಸ್‌ನ ಕಾಂಡ ಇಟ್ಟುಕೊಂಡು, ಹೊರಗೇ, ನಿಂತಲ್ಲೇ ಬಿಡಬೇಕು. ಇದನ್ನ ಮಾಸ್ಕ್ಯುಟೋಸ್ ಅಂದುಕೊಂಡು ಪ್ರತಿ ವರ್ಷ ಬುಡಕ್ಕೆ ಕತ್ತರಿಸೋರು ಇದ್ದಾರೆ. ಗಿಡ ಸಾಯಲ್ಲ, ಆದರೆ ಎಂದೂ ಆಳೆತ್ತರಕ್ಕೆ ಬರಲ್ಲ.

ಕಿರಿಯಾಕೆ: ಇದು ಎಷ್ಟು ಚಳಿ ತಡೆಯುತ್ತೆ?

ಹಿರಿಯಾಕೆ: ಅಮೆರಿಕದ ಕೃಷಿ ಇಲಾಖೆಯ ಚಳಿವಲಯದ ನಕ್ಷೆ ಇದೆ, 2023ರಲ್ಲಿ ಹೊಸದು ಬಂತು. ಅದರಲ್ಲಿ 5ನೇ ವಲಯದ ತನಕ ಇದು ತಾಳುತ್ತದೆ, ಅಂದರೆ ಸೊನ್ನೆಗಿಂತ 29 ಡಿಗ್ರಿ ಸೆಲ್ಸಿಯಸ್ ಕೆಳಗೆ. ನಾವಿರೋದು 5–6ರ ಗಡಿಯಲ್ಲಿ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೈನಸ್ 23, ಅಂದರೆ ಸೊನ್ನೆಗಿಂತ ಸುಮಾರು 31 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಆ ವರ್ಷ ನನ್ನ ಗಿಡದ ಮೇಲಿನ ಕಡ್ಡಿಗಳೆಲ್ಲ ಹೋದವು, ಕೆಳಗಿನಿಂದ ಚಿಗುರಿ ಆಗಸ್ಟಿನಲ್ಲಿ ಹೂಬಿಟ್ಟಿತು. ಇದು ಹೂಬಿಡೋದು ಅದೇ ವರ್ಷದ ಹೊಸ ಕಡ್ಡಿಯ ಮೇಲೆ. ಹಳೆಯ ಕಡ್ಡಿಯಲ್ಲಿ ಮೊಗ್ಗು ಕಟ್ಟಿಟ್ಟುಕೊಳ್ಳುವ ದೊಡ್ಡೆಲೆ ಹೈಡ್ರೇಂಜ್ಯಾಕ್ಕೆ ಹಾಗಾದರೆ ಆ ವರ್ಷ ಹೂವೇ ಇಲ್ಲ.

ಕಿರಿಯಾಕೆ: ಗಣಪತಿಗೆ ಕೆಂಪು ದಾಸವಾಳ ಸಿಗುತ್ತೆ ಅಂತಾಯ್ತು.

ಹಿರಿಯಾಕೆ: ಹೂವು ಸಿಗುತ್ತದೆ, ಕೆಂಪು ಸಿಗಲ್ಲ. ಜುಲೈನಿಂದ ಸೆಪ್ಟೆಂಬರ್ ತನಕ ಹೂವಿನ ಕಾಲ, ಚೌತಿ ಅದರೊಳಗೇ ಬರುತ್ತದೆ. ಬಿಳಿ, ಗುಲಾಬಿ, ತಿಳಿನೇರಳೆ, ನೀಲಿ ಛಾಯೆ ಎಲ್ಲ ಇವೆ. ನಮ್ಮ ಬೇಲಿ ದಾಸಾಳದ ರಕ್ತಗೆಂಪು ಈ ಜಾತಿಯಲ್ಲಿ ಇಲ್ಲವೇ ಇಲ್ಲ. ಅಂಗಡಿಯಲ್ಲಿ ‘ಕೆಂಪು’ ಅಂತ ಮಾರಿದರೆ ಅದು ಕಡುಗುಲಾಬಿ ಅಂತ ತಿಳಿ. ಹೊರಗೆ ಉಳಿಯುವ ಗಿಡದಲ್ಲಿ ಅಪ್ಪಟ ಕೆಂಪು ಬೇಕಾದರೆ ಮಾಸ್ಕ್ಯುಟೋಸ್ ಬಳಗದ ಲಾರ್ಡ್ ಬಾಲ್ಟಿಮೋರ್ ಹಾಕು. ಒಂದೇ ಹೂವಿಗೆ ಗಣಪತಿಯ ಮುಖವೇ ಮುಚ್ಚಿಹೋಗುತ್ತದೆ, ಅದು ಬೇರೆ ಮಾತು.

ಕಿರಿಯಾಕೆ: ಸಿರಿಯಾಕಸ್ ಅಂದರೆ ಸಿರಿಯಾ ದೇಶದ್ದಾ?

ಹಿರಿಯಾಕೆ: ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಹಾಗೆ ಹೆಸರಿಟ್ಟ, ಮೂಲ ಚೀನಾ. ಆದರೆ ಇದನ್ನ ಎದೆಗೆ ಹಚ್ಚಿಕೊಂಡವರು ಕೊರಿಯಾದವರು. ಮುಗುಂಗ್ವಾ ಅಂತಾರೆ, ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂವು, ಅವರ ರಾಷ್ಟ್ರಗೀತೆಯಲ್ಲೂ ಬರುತ್ತದೆ.

ಕಿರಿಯಾಕೆ: ಕೊರಿಯನ್ ಧಾರಾವಾಹಿ ಸ್ಕ್ವಿಡ್ ಗೇಮ್‌ನ ಆ ದೊಡ್ಡ ಗೊಂಬೆ ಹಾಡೋದು ಇದೇ ಹೂವಿನ ಹೆಸರಾ? ನಿಲ್ಲೋ-ಓಡೋ ಆಟದಲ್ಲಿ?

ಹಿರಿಯಾಕೆ: ಅದೇ. ಮುಗುಂಗ್ವಾ ಹೂ ಅರಳಿದೆ ಅಂತ ಕೂಗುತ್ತ ಅಲ್ಲಿನ ಮಕ್ಕಳು ಆಡುವ ಆಟ ಅದು. ಜಪಾನೀಯರ ಆಳ್ವಿಕೆಯಲ್ಲಿ ನಾಮ್ಗುಂಗ್ ಒಕ್ ಅನ್ನೋ ಹೋರಾಟಗಾರ ಹೊಂಗ್‌ಚೊನ್‌ನಲ್ಲಿ ಈ ಗಿಡದ ಸಸಿ ಬೆಳೆಸಿ ಹಂಚುತ್ತಿದ್ದ. 1933ರಲ್ಲಿ ಅವನನ್ನ ಹಿಡಿದು ಒಳಗೆ ಹಾಕಿದರು. ಸಸಿ ಹಂಚಿದ್ದಕ್ಕೆ ಜೈಲು! ಒಂದು ಹೂವಿಗೆ ಒಂದೇ ದಿನದ ಆಯುಷ್ಯ, ಬೆಳಗ್ಗೆ ಅರಳಿ ಸಂಜೆಗೆ ಸುರುಟುತ್ತದೆ. ಆದರೆ ಗಿಡ ಎರಡು-ಮೂರು ತಿಂಗಳು ಬಿಡದೆ ಹೊಸ ಹೂವು ಕೊಡುತ್ತಲೇ ಇರುತ್ತದೆ. ಕೊರಿಯಾದವರಿಗೆ ಹಿಡಿಸಿದ್ದು ಆ ಹಟ. ನನ್ನ ಮೊದಲ ಕಡ್ಡಿಯೂ ಬಂದದ್ದು ಪಕ್ಕದ ಬೀದಿಯ ಕೊರಿಯನ್ ಅಜ್ಜಿಯ ಮನೆಯಿಂದಲೇ.

ಕಿರಿಯಾಕೆ: ನನ್ನ ಗೆಳತಿಯರಿಗೂ ಬೇಕು ಅಂತಾರೆ. ಬೀಜ ಇಷ್ಟಿದೆಯಲ್ಲ, ಹಂಚಿಬಿಡಲಾ?

ಹಿರಿಯಾಕೆ: ಬೀಜ ಮಾತ್ರ ಬೇಡ. ಬೀಜದಿಂದ ಬಂದ ಗಿಡ ತಾಯಿಯ ಬಣ್ಣವನ್ನೇ ತರುತ್ತದೆ ಅನ್ನೋ ಖಾತ್ರಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಇದು ಕಂಡಲ್ಲೆಲ್ಲ ಹುಟ್ಟುತ್ತದೆ. ಜೂನಿನಲ್ಲಿ ಬಂದು ನೋಡು, ಈ ಪೊದೆಯ ಕೆಳಗೆ ಸಸಿಗಳ ಚಾಪೆ ಹಾಸಿರುತ್ತದೆ, ಎರಡನೇ ವರ್ಷಕ್ಕೆ ತಾಯಿಬೇರು ಆಳಕ್ಕಿಳಿದು ಕೀಳೋಕೂ ಬರಲ್ಲ. ಪಕ್ಕದಲ್ಲಿ ಕಾಡು, ಹೊಳೆ ಇದ್ದವರ ಹಿತ್ತಲಿಗೆ ಇದನ್ನ ಕೊಡಲೇಬೇಡ. ಹೂವು ಬಾಡಿದ ಮೇಲೆ, ಕಾಯಿ ಒಡೆಯುವ ಮೊದಲು ಕತ್ತರಿಸಿದರೆ ಕಾಟ ಕಮ್ಮಿ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಈಗಾಲ್ಫ್ ಅನ್ನೋ ತಳಿವಿಜ್ಞಾನಿ ಇದಕ್ಕೇ ಅಂತ ಮೂರು ಕಟ್ಟು ವರ್ಣತಂತುಗಳ ತಳಿಗಳನ್ನ ಮಾಡಿದ. ಡಯಾನಾ ಶುದ್ಧ ಬಿಳಿ, ಹೆಲೀನ್ ಬಿಳಿಗೆ ಕೆಂಪು ಕಣ್ಣು, ಮಿನರ್ವಾ ತಿಳಿನೇರಳೆ, ಆಫ್ರೊಡೈಟಿ ಗುಲಾಬಿ. ಬೀಜ ಕಟ್ಟೋದು ತೀರ ಕಮ್ಮಿ, ಹೂವು ದೊಡ್ಡದು. ಹೊಸದಾಗಿ ಹಾಕುವವರಿಗೆ ನಾನು ಡಯಾನಾ ಬಿಟ್ಟು ಬೇರೆ ಹೇಳಲ್ಲ.

ಕಿರಿಯಾಕೆ: ಹಾಗಾದರೆ ಕಡ್ಡಿ. ಊರಲ್ಲಿ ಅಜ್ಜಿ ಮಳೆಗಾಲದಲ್ಲಿ ಒಂದು ಗೆಲ್ಲು ಮುರಿದು ಬೇಲಿಗೆ ಚುಚ್ಚಿ ಮರೆತುಬಿಡ್ತಿದ್ದರು, ಅದು ಬೆಳೀತಿತ್ತು.

ಹಿರಿಯಾಕೆ: ಆಷಾಢದ ಮಳೆಗೆ ಕೊಡೆಯ ಕೋಲು ಚುಚ್ಚಿದರೂ ಚಿಗುರುವ ಊರು ನಮ್ಮದು. ಇಲ್ಲಿ ಆ ಮಳೆಯನ್ನ ನೀನೇ ಕಟ್ಟಬೇಕು. ಜೂನ್ ಕೊನೆ, ಜುಲೈ ಮೊದಲಲ್ಲಿ ಈ ವರ್ಷದ ಎಳೆ ರೆಂಬೆ ಆರಿಸು. ಬಗ್ಗಿಸಿದರೆ ಬಗ್ಗಬೇಕು, ಜಾಸ್ತಿ ಬಗ್ಗಿಸಿದರೆ ಪಟ್ ಅನ್ನಬೇಕು. ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದ, ಗಿಣ್ಣಿನ ಕೆಳಗೆ ಕತ್ತರಿಸು. ಕೆಳಗಿನ ಎಲೆ ತೆಗೆ, ಮೊಗ್ಗಿದ್ದರೆ ಚಿವುಟು, ಉಳಿದ ದೊಡ್ಡ ಎಲೆಯನ್ನ ಅರ್ಧಕ್ಕೆ ಕತ್ತರಿಸು. ಬುಡವನ್ನ ಬೇರಿನ ಹಾರ್ಮೋನ್ ಪುಡಿಗೆ ಅದ್ದಿ, ಪರ್ಲೈಟ್ ಬೆರೆಸಿದ ಸಡಿಲ ಮಿಶ್ರಣಕ್ಕೆ ಊರು. ಮೇಲೊಂದು ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಕವುಚಿ, ಬೆಳಕಿದ್ದು ಬಿಸಿಲು ಬೀಳದ ಜಾಗದಲ್ಲಿಡು. ಬಿಸಿಲಿಗಿಟ್ಟರೆ ಒಳಗಡೆ ಬೆಂದುಹೋಗುತ್ತದೆ. ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ. ಎಳೆದು ಎಳೆದು ನೋಡಬೇಡ, ಹೊಸ ಎಲೆ ಬಂದರೆ ಸಾಕ್ಷಿ.

ಕಿರಿಯಾಕೆ: ಜುಲೈನಲ್ಲಿ ನಾನು ಊರಿಗೆ ಹೋಗಿರ್ತೀನಲ್ಲ.

ಹಿರಿಯಾಕೆ: ಹಾಗಾದರೆ ಎಲೆ ಉದುರಿದ ಮೇಲೆ, ನವೆಂಬರಿನಲ್ಲಿ ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ತಗೋ. ಬುಡ ನೇರಕ್ಕೆ, ತುದಿ ಓರೆಗೆ ಕತ್ತರಿಸು, ಇಲ್ಲದಿದ್ದರೆ ವಸಂತದಲ್ಲಿ ತಲೆಕೆಳಗಾಗಿ ನೆಡ್ತೀಯ. ಕಟ್ಟು ಕಟ್ಟಿ ಒದ್ದೆ ಮರಳಲ್ಲಿ ಹೂತು, ಹೆಪ್ಪುಗಟ್ಟದ ತಣ್ಣನೆ ಮೂಲೆಯಲ್ಲಿಡು. ಚಳಿಗಾಲದಲ್ಲಿ ಬುಡಕ್ಕೆ ಗಾಯ ಮಾಗಿದ ಗಂಟು ಕಟ್ಟುತ್ತದೆ, ವಸಂತದಲ್ಲಿ ನೆಟ್ಟರೆ ಬೇರು ಅಲ್ಲಿಂದ. ಎಲ್ಲವೂ ಹತ್ತಲ್ಲ, ಬೇಕಾದ್ದಕ್ಕಿಂತ ಹೆಚ್ಚು ಹಾಕು.

ಕಿರಿಯಾಕೆ: ಕದ್ದ ಕಡ್ಡಿ ಚೆನ್ನಾಗಿ ಹತ್ತುತ್ತೆ ಅಂತಾರೆ ನಮ್ಮ ಕಡೆ.

ಹಿರಿಯಾಕೆ: ನಮ್ಮ ಕಡೆಯೂ ಅಂತಾರೆ. ಇಲ್ಲಿ ಅದಕ್ಕೊಂದು ಕಾನೂನೇ ಇದೆ! 1930ರಿಂದ ಸಸ್ಯಗಳಿಗೆ ಪೇಟೆಂಟ್ ಕೊಡ್ತಾರೆ. ಹೊಸ ತಳಿಗಳ ಚೀಟಿಯಲ್ಲಿ ಪೇಟೆಂಟ್ ಸಂಖ್ಯೆ ಇದ್ದರೆ ಅದರ ಕಡ್ಡಿ ನೆಡುವಂತಿಲ್ಲ, ಮನೆಯ ಬಳಕೆಗೂ. ಈ ಬೇಲಿಯಲ್ಲಿರೋದು ಹಳೆಯ ಮಾಮೂಲಿ ಗಿಡ, ಇದಕ್ಕೆ ಆ ತಂಟೆ ಇಲ್ಲ. ಮತ್ತೆ ಊರಿಂದ ಬರುವಾಗ ಅಜ್ಜಿಯ ದಾಸವಾಳದ ಕಡ್ಡಿಯನ್ನ ಸೀರೆಯ ಮಡಿಕೆಯಲ್ಲಿ ತರುವ ಯೋಚನೆ ಇದ್ದರೆ ಬಿಡು. ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಕಸಕ್ಕೆ ಹೋಗುತ್ತದೆ, ದಂಡವೂ ಬೀಳಬಹುದು.

ಕಿರಿಯಾಕೆ: ಬೇರು ಬಂದ ಸಸಿಯನ್ನ ಚಳಿಗಾಲಕ್ಕೆ ಮನೆಯೊಳಗೆ ತಂದಿಡಲಾ? ಪುಟ್ಟದು ಪಾಪ.

ಹಿರಿಯಾಕೆ: ಆ ‘ಪಾಪ’ವೇ ಅದನ್ನ ಕೊಲ್ಲೋದು. ಈ ಗಿಡಕ್ಕೆ ನಿದ್ದೆ ಬೇಕು. ದಿನ ಗಿಡ್ಡವಾಗುತ್ತ ಬಂದಂತೆ ಬೆಳವಣಿಗೆ ನಿಲ್ಲಿಸಿ, ಚಳಿ ಏರಿದಂತೆ ಜೀವಕೋಶದ ನೀರನ್ನ ಹೊರಕ್ಕೆ ದೂಡಿ, ಒಳಗೆ ಸಕ್ಕರೆ ಅಂಶ ಹೆಚ್ಚಿಸಿಕೊಂಡು ಸಜ್ಜಾಗುತ್ತದೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟಲ್ಲ. ಇದು ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ, ವಾರಗಟ್ಟಲೆ ಬೇಕು. ಬೆಚ್ಚನೆ ಕೋಣೆಗೆ ತಂದರೆ ಜನವರಿಯಲ್ಲಿ ಬಿಳಿಚಿದ ಚಿಗುರು ಬಿಟ್ಟು ಸೊರಗುತ್ತದೆ. ಆಗಸ್ಟಿನಲ್ಲಿ ಗೊಬ್ಬರ ಹಾಕೋದೂ ಇದೇ ಜಾತಿಯ ಉಪಕಾರ. ಹೊಸ ಚಿಗುರು ಬರುತ್ತದೆ, ಬಲಿಯುವ ಮೊದಲೇ ಹಿಮ ಬೀಳುತ್ತದೆ. ಜುಲೈ ಮೊದಲ ವಾರದ ಆಚೆಗೆ ಗೊಬ್ಬರದ ಚೀಲ ಮುಟ್ಟಬೇಡ. ಶರತ್ಕಾಲದಲ್ಲಿ ಕತ್ತರಿಯನ್ನೂ ಮುಟ್ಟಬೇಡ, ಸವರೋದಿದ್ದರೆ ಮಾರ್ಚಿನಲ್ಲಿ.

ಕಿರಿಯಾಕೆ: ಹಾಗಂತ ಕುಂಡದಲ್ಲೇ ಹೊರಗೆ ಬಿಡೋದಾ?

ಹಿರಿಯಾಕೆ: ಅಲ್ಲೇ ಇರೋದು ಸೂಕ್ಷ್ಮ. ಗಿಡದ ಮೈಗಿಂತ ಬೇರಿಗೆ ತಾಳಿಕೆ ಕಮ್ಮಿ. ನೆಲದೊಳಗಿನ ಬೇರಿಗೆ ಭೂಮಿಯ ಬಿಸುಪು ಇರುತ್ತದೆ. ಕುಂಡದ ಬೇರಿಗೆ ಸುತ್ತ ಗಾಳಿ, ಹೊರಗಿನಷ್ಟೇ ಚಳಿ. ಅದಕ್ಕೇ ಕುಂಡದಲ್ಲಿ ಇಡೋದಾದರೆ ನಮ್ಮದಕ್ಕಿಂತ ಎರಡು ವಲಯ ಹೆಚ್ಚು ಚಳಿ ತಡೆಯುವ ಗಿಡ ಇರಬೇಕು ಅಂತ ಇಲ್ಲಿನ ತೋಟಗಾರರು ಹೇಳ್ತಾರೆ. ನಾನು ಮಾಡೋದು ಇಷ್ಟು. ಎಲೆ ಉದುರುವ ತನಕ ಹೊರಗೇ ಬಿಟ್ಟು ಚಳಿಗೆ ಒಗ್ಗಿಸೋದು. ನೆಲ ಹೆಪ್ಪುಗಟ್ಟುವ ಮೊದಲು ಚೆನ್ನಾಗಿ ನೀರುಣಿಸಿ, ಕುಂಡವನ್ನ ಕಂಠದ ತನಕ ತರಕಾರಿ ಪಾತಿಯಲ್ಲಿ ಹೂಳೋದು, ಮೇಲೆ ಒಣ ಎಲೆ. ಹೂಳೋಕೆ ಜಾಗ ಇಲ್ಲದಿದ್ದರೆ ಹೀಟರ್ ಇಲ್ಲದ ಗ್ಯಾರೇಜಿನ ಒಳಗೋಡೆಯ ಪಕ್ಕ. ಎಲೆ ಇಲ್ಲದ ಗಿಡಕ್ಕೆ ಬೆಳಕು ಬೇಡ. ತಿಂಗಳಿಗೊಮ್ಮೆ ಒಂದು ಲೋಟ ನೀರು, ಮಣ್ಣು ಪೂರ್ತಿ ಒಣಗದಷ್ಟು. ಮರೆತುಬಿಟ್ಟ ಗ್ಯಾರೇಜಿನ ಗಿಡಗಳಲ್ಲಿ ಚಳಿಗೆ ಸತ್ತವಕ್ಕಿಂತ ಬಾಯಾರಿ ಸತ್ತವೇ ಹೆಚ್ಚು.

ಕಿರಿಯಾಕೆ: ಈ ದೊಡ್ಡ ಪೊದೆಗೆ?

ಹಿರಿಯಾಕೆ: ಇದಕ್ಕೆ ಏನೂ ಬೇಡ. ಹಿಮ ರಾಶಿ ಬಿದ್ದರೆ ಅದೇ ಕಂಬಳಿ. ಮರದ ಚಕ್ಕೆ ಹಾಸುವುದಾದರೆ ಕಾಂಡಕ್ಕೆ ತಾಗಿಸಬೇಡ, ನಾಲ್ಕು ಬೆರಳು ದೂರ ಬಿಡು. ಕಾಂಡದ ಸುತ್ತ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ, ಇಲಿಗೂ ಮನೆ ಕಟ್ಟಿಕೊಟ್ಟ ಹಾಗೆ. ಎಳೆ ಗಿಡದ ಸುತ್ತ ಮಾತ್ರ ತಂತಿ ಬಲೆ ಹಾಕು, ಮಂಡಿಯೆತ್ತರ ಸಾಲದು, ಹಿಮದ ರಾಶಿಯ ಮೇಲೆ ನಿಂತು ಮೊಲ ತಿನ್ನುತ್ತದೆ.

(ಬರೆಯುವವರ ಒಂದು ಮಾತು: ಇಲ್ಲಿನ ಎಷ್ಟೋ ಕನ್ನಡ ಮನೆಗಳಲ್ಲಿ ನವೆಂಬರ್ ಬಂತೆಂದರೆ ಕರಿಬೇವು, ತುಳಸಿ, ದಾಸವಾಳದ ಕುಂಡಗಳು ದಕ್ಷಿಣದ ಒಂದೇ ಕಿಟಕಿಯ ಬಿಸಿಲಿಗೆ ಪೈಪೋಟಿ ನಡೆಸುತ್ತವೆ. ಸಿರಿಯಾಕಸ್ ಆ ಸರದಿಗೆ ಬರಬೇಕಾಗಿಯೇ ಇಲ್ಲ ಎಂಬುದನ್ನು ತಿಳಿದವರು ಕಡಿಮೆ.)

ಕಿರಿಯಾಕೆ: ಆದರೂ ಒಂದು ಕೆಂಪು ದಾಸವಾಳ ಕುಂಡದಲ್ಲಿ ಇರಲೇಬೇಕು ಅಕ್ಕ. ಪೂಜೆಗೆ ಇಲ್ಲದಿದ್ದರೆ ನಮ್ಮತ್ತೆ ಒಪ್ಪಲ್ಲ.

ಹಿರಿಯಾಕೆ: ಇಟ್ಟುಕೋ, ನನ್ನ ಬಳಿಯೂ ಇದೆ. ರಾತ್ರಿಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನ, ಸೆಪ್ಟೆಂಬರ್ ಕೊನೆಗೆ, ಒಳಗೆ ತಾ. ತರುವ ಮೊದಲು ಎಲೆಯ ಅಡಿ ತೊಳೆ, ಹಿಟ್ಟು ತಿಗಣೆ, ಬಿಳಿ ನೊಣ ಒಳಗೆ ಬಂದರೆ ಕರಿಬೇವಿಗೂ ಹತ್ತುತ್ತವೆ. ಮೊದಲ ವಾರಗಳಲ್ಲಿ ಎಲೆ ಹಳದಿಯಾಗಿ ಉದುರುತ್ತದೆ, ಗಾಬರಿಯಿಂದ ನೀರು ಸುರಿಯಬೇಡ.

ಕಿರಿಯಾಕೆ: ನಾಳೆ ಅಂಗಡಿಗೆ ಹೋಗ್ತೀನಿ ಹಾಗಾದರೆ. ಕೆಂಪು ಹಿಬಿಸ್ಕಸ್ ಅಂತ ಕೇಳಿದರೆ ಆಯ್ತಲ್ಲ?

ಹಿರಿಯಾಕೆ: ಆಗಲ್ಲ. ಚೀಟಿಯಲ್ಲಿ ಹಿಬಿಸ್ಕಸ್ ಪಕ್ಕದ ಎರಡನೇ ಹೆಸರು ಓದು. ರೋಸಾ-ಸೈನೆನ್ಸಿಸ್ ಆದರೆ ಕಿಟಕಿಯಲ್ಲಿ ಜಾಗ ಇದ್ದರೆ ಮಾತ್ರ ತಗೋ. ಬರೀ ಹಿಬಿಸ್ಕಸ್ ಅಂತ ಬರೆದು, ಕೇಳಿದರೂ ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ದುಡ್ಡು ಕೊಡದೆ ಬೇರೆ ಅಂಗಡಿಗೆ ಹೋಗು.